ಮೇಡಂ ಬಂದಾಗ ನಗಬೇಕು: ಓಪ್ರಾ ಕಟ್ಟಿದ ಶಾಲೆಯ ಒಂದು ಪ್ರಕರಣ

ನಮ್ಮದು ಡೊಂಬಿವಲಿಯ ಒಂದು ಸಣ್ಣ ಕನ್ನಡ ಮಹಿಳಾ ಮಂಡಳಿ. ನವರಾತ್ರಿಗೆ ಭಜನೆ, ನವೆಂಬರಿನಲ್ಲಿ ರಾಜ್ಯೋತ್ಸವ. ಇದರ ಜೊತೆಗೆ ವರ್ಷಪೂರ್ತಿ ನಡೆಯುವ ಒಂದೇ ಕೆಲಸ ಅಂದರೆ ಹನ್ನೊಂದು ಹುಡುಗಿಯರ ಓದಿನ ಖರ್ಚು. ಅವರ ಅಪ್ಪ ಅಮ್ಮ ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಮುಂಬೈ ಸುತ್ತಮುತ್ತ ಕಟ್ಟಡದ ಕೆಲಸ ಮಾಡುವವರು. ಒಂದು ಬಿಲ್ಡಿಂಗ್ ಮುಗಿದರೆ ಇನ್ನೊಂದು ಸೈಟಿಗೆ ಹೋಗುತ್ತಾರೆ, ತಗಡಿನ ಶೆಡ್ಡು ಎಲ್ಲಿ ಹಾಕಿದರೆ ಅಲ್ಲೇ ಮನೆ, ಹೀಗಾಗಿ ಮಕ್ಕಳ ಶಾಲೆ ವರ್ಷದ ನಡುವೆಯೇ ತಪ್ಪಿಹೋಗುತ್ತದೆ. ಅದಕ್ಕೆ ಈ ಹುಡುಗಿಯರನ್ನು ಒಂದು ಹಾಸ್ಟೆಲಿನಲ್ಲಿ ಇಟ್ಟು ಫೀಸು, ಪುಸ್ತಕ, ಬಟ್ಟೆ ಎಲ್ಲಾ ನಾವು ನೋಡಿಕೊಳ್ಳುತ್ತೇವೆ. ಹಾಸ್ಟೆಲಿನ ಹೆಸರು ಇಲ್ಲಿ ಬೇಡ.

ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಎಳ್ಳುಬೆಲ್ಲ ತೆಗೆದುಕೊಂಡು ಹೋಗಿದ್ದೆವು. ಬರುತ್ತೇವೆ ಅಂತ ಒಂದು ವಾರ ಮೊದಲೇ ಫೋನ್ ಮಾಡಿ ಹೇಳಿದ್ದೆವು. ಹುಡುಗಿಯರು ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಸ್ವಾಗತ ಗೀತೆ ಹಾಡಿದರು. ಒಬ್ಬೊಬ್ಬರೇ ಬಂದು ಡಬ್ಬಿ ತೆಗೆದುಕೊಂಡು ಕಾಲು ಮುಟ್ಟಿದರು. ಎಂಟನೇ ಕ್ಲಾಸಿನ ಒಬ್ಬಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಳ್ಳುವಾಗ, ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು, ಮೆಲ್ಲಗೆ ಅಂದಳು: “ಆಂಟಿ, ನೀವ್ ಬಂದ್ ದಿನ ಅಷ್ಟ ಬಿಸಿನೀರ್ ಬರ್ತಾವ್ರಿ.”

ಪಕ್ಕದಲ್ಲೇ ನಿಂತಿದ್ದ ವಾರ್ಡನ್ನಿಗೆ ಕನ್ನಡ ಬರುವುದಿಲ್ಲ. ಏನಂತಾಳೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ಸುಮ್ನೆ, ಎಳ್ಳುಬೆಲ್ಲ ಅಂದರೆ ಇಷ್ಟ ಅಂತಾಳೆ ಅಂದೆ. ಹುಡುಗಿ ಒಮ್ಮೆ ನನ್ನ ಮುಖ ನೋಡಿ ಸಾಲಿಗೆ ವಾಪಸ್ ಹೋದಳು.

ಆ ಸಂಜೆ ಲೋಕಲಿನಲ್ಲಿ ಬರುವಾಗ ನನಗೆ ನೆನಪಾದದ್ದು ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ದಕ್ಷಿಣ ಆಫ್ರಿಕಾದಲ್ಲಿ ಬಡ ಹುಡುಗಿಯರಿಗಾಗಿ ಕಟ್ಟಿದ ಶಾಲೆ. 2007ರಲ್ಲಿ ಪೇಪರಿನಲ್ಲಿ ಬಂದಿದ್ದ ಸುದ್ದಿ. ಅಲ್ಲೂ ಹುಡುಗಿಯರಿಗೆ ಯಾರೋ ಹೇಳಿಕೊಟ್ಟಿದ್ದರು, ಓಪ್ರಾ ಬಂದಾಗ ನಗುಮುಖ ಇರಲಿ, ದೂರು ಹೇಳಬೇಡಿ ಅಂತ. ಆಮೇಲೆ ನಾನು ಆ ಪ್ರಕರಣವನ್ನು ಕೂತು ಓದಿದೆ, ನಮ್ಮ ಮಂಡಳಿಯ ಸಭೆಯಲ್ಲಿ ಹೇಳಿದೆ. ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂಬೈಯಲ್ಲಿ ನಮ್ಮ ಹಾಗೆ ಮಕ್ಕಳನ್ನು ಓದಿಸುವ ಕನ್ನಡ ಸಂಘಗಳು ಬೇಕಾದಷ್ಟಿವೆ.

ಓಪ್ರಾ ಬೆಳೆದ ರೀತಿ

ಸ್ಟಾರ್ ವರ್ಲ್ಡ್ ಚಾನೆಲಿನಲ್ಲಿ ಓಪ್ರಾ ಶೋ ಬರುತ್ತಿದ್ದ ಕಾಲದಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಇಂಗ್ಲಿಷ್ ಅಷ್ಟಾಗಿ ಬರದ ಹೆಂಗಸರೂ ಅದನ್ನು ನೋಡುತ್ತಿದ್ದರು. ಎದುರು ಕೂತವರ ಕೈ ಹಿಡಿದು, ತಾನೂ ಕಣ್ಣೊರೆಸಿಕೊಂಡು ಮಾತಾಡಿಸುವ ಆ ರೀತಿ ಭಾಷೆ ಬರದವರಿಗೂ ತಿಳಿಯುತ್ತಿತ್ತು. ಅವರ ದುಡ್ಡು, ಬಂಗಲೆ, ಪ್ರಶಸ್ತಿ ಎಲ್ಲರಿಗೂ ಗೊತ್ತು. ಈ ಪ್ರಕರಣಕ್ಕೆ ಬೇಕಾಗಿರುವುದು ಅವರ ಬಾಲ್ಯ.

ಅವರು ಹುಟ್ಟಿದ್ದು 1954ರ ಜನವರಿ 29ರಂದು, ಅಮೆರಿಕದ ಮಿಸಿಸಿಪಿ ರಾಜ್ಯದ ಕೋಸಿಯಸ್ಕೋ ಎಂಬ ಸಣ್ಣ ಊರಿನಲ್ಲಿ. ತಾಯಿಗೆ ಮದುವೆಯಾಗಿರಲಿಲ್ಲ, ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಬೈಬಲ್ಲಿನ ಓರ್ಫಾ ಎಂಬ ಹೆಸರಿಟ್ಟರು, ಜನರ ಬಾಯಲ್ಲಿ ಅದು ಓಪ್ರಾ ಆಯಿತು. ಆರು ವರ್ಷದವರೆಗೆ ಸಾಕಿದ್ದು ಅಜ್ಜಿ. ಹಾಕಿಕೊಳ್ಳಲು ಆಲೂಗಡ್ಡೆ ಚೀಲದ ಬಟ್ಟೆಯಲ್ಲಿ ಹೊಲಿದ ಫ್ರಾಕು. ಆದರೆ ಅದೇ ಅಜ್ಜಿ ಅಕ್ಷರ ಕಲಿಸಿದ್ದರಿಂದ ಈ ಮಗು ಚರ್ಚಿನಲ್ಲಿ ಎದ್ದು ನಿಂತು ಬೈಬಲ್ ಸಾಲುಗಳನ್ನು ಪಟಪಟ ಹೇಳುತ್ತಿತ್ತು. ಆಮೇಲೆ ಮಿಲ್ವಾಕಿಯಲ್ಲಿ ಮನೆಗೆಲಸ ಮಾಡಿಕೊಂಡಿದ್ದ ತಾಯಿಯ ಹತ್ತಿರ ಹೋದಳು. ಅಲ್ಲಿ ಒಂಬತ್ತನೇ ವಯಸ್ಸಿನಿಂದ ನೆಂಟರು, ಮನೆಗೆ ಬಂದು ಹೋಗುವ ಪರಿಚಯದವರು ಅವಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು. ಹದಿನಾಲ್ಕಕ್ಕೆ ಬಸುರಾದಳು. ದಿನ ತುಂಬುವ ಮೊದಲೇ ಹುಟ್ಟಿದ ಗಂಡುಮಗು ಉಳಿಯಲಿಲ್ಲ.

ನ್ಯಾಶ್‌ವಿಲ್‌ನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದ ತಂದೆ ಅವಳನ್ನು ಕರೆದುಕೊಂಡು ಹೋಗಿ ಬಿಗಿಯಾಗಿ ಓದಿಸಿದರು. ಹದಿನೇಳಕ್ಕೆ ಅಲ್ಲಿನ ರೇಡಿಯೋದಲ್ಲಿ ಕೆಲಸ ಸಿಕ್ಕಿತು, ಅಲ್ಲಿಂದ ಟಿವಿ. 1976ರಲ್ಲಿ ಬಾಲ್ಟಿಮೋರಿನಲ್ಲಿ ಸಂಜೆ ಸುದ್ದಿ ಓದಲು ಕೂರಿಸಿದರು, ಕೆಲವೇ ತಿಂಗಳಲ್ಲಿ ತೆಗೆದರು. ದುಃಖದ ಸುದ್ದಿ ಓದುವಾಗ ಅಳು ಬರುವವರಿಗೆ ಆ ಕುರ್ಚಿ ಸರಿಹೊಂದಲಿಲ್ಲ. ಬೆಳಗಿನ ಮಾತುಕತೆಯ ಕಾರ್ಯಕ್ರಮಕ್ಕೆ ಹಾಕಿದ ಮೇಲೆ ಅದೇ ಸ್ವಭಾವ ಕೈಹಿಡಿಯಿತು. 1984ರಲ್ಲಿ ಶಿಕಾಗೋಗೆ ಬಂದರು. 1986ರ ಸೆಪ್ಟೆಂಬರ್ 8ರಿಂದ ಅವರ ಶೋ ಇಡೀ ದೇಶಕ್ಕೆ ಹೋಯಿತು, 2011ರ ಮೇ 25ರವರೆಗೆ ನಡೆಯಿತು. ಓಪ್ರಾ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಹಾರ್ಪೋ ಎಂಬ ಸ್ವಂತ ಕಂಪನಿ ಕಟ್ಟಿದರು. ಪಗಾರಕ್ಕೆ ದುಡಿಯುವುದು ಬಿಟ್ಟು ತನ್ನ ಶೋಗೆ ತಾನೇ ಒಡತಿಯಾದರು, ದುಡ್ಡು ಬಂದದ್ದು ಅಲ್ಲಿಂದ. 2003ರಲ್ಲಿ ಫೋರ್ಬ್ಸ್ ಪಟ್ಟಿಯಲ್ಲಿ ಶತಕೋಟಿ ಡಾಲರ್ ಮುಟ್ಟಿದ ಮೊದಲ ಕಪ್ಪು ಮಹಿಳೆ.

ಇಲ್ಲಿ ನಾನು ಒಂದು ವಿಷಯದ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಶೋ ಶುರುವಾದ ಮೊದಲ ವರ್ಷಗಳಲ್ಲೇ ಓಪ್ರಾ ಕ್ಯಾಮೆರಾ ಮುಂದೆ, ಚಿಕ್ಕಂದಿನಲ್ಲಿ ನನ್ನ ಮೇಲೂ ದೌರ್ಜನ್ಯ ಆಗಿತ್ತು ಎಂದು ಹೇಳಿಬಿಟ್ಟರು. ಆ ಕಾಲಕ್ಕೆ ಅಷ್ಟು ದೊಡ್ಡ ಟಿವಿಯವರು ಹೀಗೆ ಹೇಳಿಕೊಳ್ಳುವುದು ಸಣ್ಣ ಮಾತಲ್ಲ. 1991ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೋಗಿ ಮಕ್ಕಳ ರಕ್ಷಣೆಯ ಕಾನೂನು ಬೇಕೆಂದು ಕೇಳಿದರು. 1993ರ ಡಿಸೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಆ ಕಾನೂನನ್ನು ಜನ ಓಪ್ರಾ ಬಿಲ್ ಅಂತಲೇ ಕರೆದರು. ಮಕ್ಕಳ ಮೇಲೆ ಕೈಮಾಡಿ ಶಿಕ್ಷೆಯಾದವರ ವಿವರ ದೇಶದ ಮಟ್ಟದಲ್ಲಿ ಒಂದು ಕಡೆ ಸಿಗಬೇಕು, ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಆ ವ್ಯಕ್ತಿಯ ಹಿಂದುಮುಂದು ವಿಚಾರಿಸಲು ಆಗಬೇಕು, ಇದೇ ಅದರ ತಿರುಳು.

ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಅವರಿಗೆ ಗೊತ್ತಿಲ್ಲದ ವಿಷಯ ಏನೂ ಆಗಿರಲಿಲ್ಲ ಇದು.

ಶಾಲೆ

ದಾನ ಧರ್ಮ ಓಪ್ರಾಗೆ ಹೊಸದಲ್ಲ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಹುಡುಗರಿಗೆ 1989ರಿಂದ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದ್ದರು, 2019ರ ಹೊತ್ತಿಗೆ ಅದು ಒಟ್ಟು 2.5 ಕೋಟಿ ಡಾಲರ್ ಆಯಿತು. ಆದರೆ ದಕ್ಷಿಣ ಆಫ್ರಿಕಾದ ಶಾಲೆ ಬೇರೆ. ಅಲ್ಲಿ ಚೆಕ್ ಬರೆದು ಕೈತೊಳೆದುಕೊಂಡದ್ದಲ್ಲ. ನೆಲ್ಸನ್ ಮಂಡೇಲಾ ಅವರ ಮನೆಯಲ್ಲಿ ಕೂತು ಮಾತಾಡುವಾಗ ಕೊಟ್ಟ ಮಾತು ಅದು. ಮೊದಲು ಒಂದು ಕೋಟಿ ಡಾಲರ್ ಅಂದುಕೊಂಡದ್ದು ಕೊನೆಗೆ ನಾಲ್ಕು ಕೋಟಿ ಡಾಲರ್ ಮುಟ್ಟಿತು, ಆಗಿನ ಲೆಕ್ಕದಲ್ಲಿ 170 ಕೋಟಿ ರೂಪಾಯಿಗೂ ಜಾಸ್ತಿ.

ಜೋಹಾನ್ಸ್‌ಬರ್ಗಿನ ದಕ್ಷಿಣಕ್ಕೆ ಹೆನ್ಲಿ ಆನ್ ಕ್ಲಿಪ್ ಎಂಬಲ್ಲಿ 2007ರ ಜನವರಿ 2ರಂದು ಶಾಲೆ ತೆರೆಯಿತು, ಮಂಡೇಲಾ ಅವರೇ ಬಂದಿದ್ದರು. ಸುಮಾರು 3,500 ಅರ್ಜಿಗಳಲ್ಲಿ ಆರಿಸಿದ್ದು 152 ಹುಡುಗಿಯರನ್ನು. ಕೊನೆಯ ಸುತ್ತಿಗೆ ಬಂದವರನ್ನು ಓಪ್ರಾ ತಾವೇ ಕೂರಿಸಿಕೊಂಡು ಮಾತಾಡಿಸಿದ್ದರು. 28 ಕಟ್ಟಡ, ಲೈಬ್ರರಿ, ನಾಟಕದ ರಂಗಮಂದಿರ, ಯೋಗದ ಕೋಣೆ, ಬ್ಯೂಟಿ ಸಲೂನ್ ಕೂಡ. ಹಾಸಿಗೆಯ ಬಟ್ಟೆಯಿಂದ ಹಿಡಿದು ಊಟದ ತಟ್ಟೆಯವರೆಗೆ ಅವರೇ ಆರಿಸಿದ್ದು.

ಇಷ್ಟು ದುಡ್ಡಿಗೆ ಎಷ್ಟೋ ಸಾದಾ ಶಾಲೆ ಕಟ್ಟಬಹುದಿತ್ತಲ್ವಾ ಎಂದು ಆಗಲೇ ಬಹಳ ಜನ ಕೇಳಿದರು. ನಮ್ಮ ಸಭೆಯಲ್ಲೂ ಈ ಮಾತು ಬಂತು. ನನಗೆ ಆ ಟೀಕೆ ಒಪ್ಪಿಗೆಯಿಲ್ಲ. ಬಡವರ ಮಕ್ಕಳಿಗೆ ಕೊಡುವುದು ಯಾವಾಗಲೂ ಎರಡನೇ ದರ್ಜೆಯದ್ದೇ ಆಗಿರಬೇಕು ಅನ್ನುವುದು ನಮ್ಮೊಳಗೆ ಕೂತುಬಿಟ್ಟ ಕೆಟ್ಟ ಅಭ್ಯಾಸ. ಚೀಲದ ಫ್ರಾಕು ಹಾಕಿಕೊಂಡು ಬೆಳೆದವರು ಒಳ್ಳೆಯ ಬೆಡ್‌ಶೀಟಿನ ಬಗ್ಗೆ ಯೋಚಿಸಿದರೆ ಅದರಲ್ಲಿ ತಪ್ಪೇನು? ತಪ್ಪು ಬೇರೆ ಕಡೆ ಇತ್ತು.

ಮಾರ್ಚ್ ಹೊತ್ತಿಗೆ ಕೆಲವು ತಾಯಿ ತಂದೆಯರು ಪತ್ರಿಕೆಗಳಿಗೆ ಒಂದು ಮಾತು ಹೇಳಿದ್ದರು. ಮಕ್ಕಳನ್ನು ನೋಡಲು ಬರುವುದಕ್ಕೆ, ಫೋನ್ ಮಾಡುವುದಕ್ಕೆ ನಿಯಮ ತೀರಾ ಬಿಗಿ ಅಂತ. ಆಗ ಅದು ಸಣ್ಣ ಸುದ್ದಿಯಾಗಿ ಬಂದು ಹೋಯಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸುದ್ದಿ ಇದೇ.

ಅಕ್ಟೋಬರ್ 2007

ಶಾಲೆ ತೆರೆದು ವರ್ಷವೂ ಆಗಿರಲಿಲ್ಲ. ಒಬ್ಬ ಹುಡುಗಿ ಶಾಲೆ ಬಿಟ್ಟು ಹೋದಳು. ಆಮೇಲೆ ಹುಡುಗಿಯರ ಒಂದು ಗುಂಪು ಧೈರ್ಯ ಮಾಡಿ ಬಾಯಿಬಿಟ್ಟಿತು. ಮಲಗುವ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ 27 ವರ್ಷದ ಮೇಟ್ರನ್ ಒಬ್ಬಳ ಮೇಲೆ ದೂರು: ಹೊಡೆತ, ಬೈಗುಳ, ಲೈಂಗಿಕ ಕಿರುಕುಳ. ನವೆಂಬರ್ ಮೊದಲ ದಿನ ಪೊಲೀಸರು ಆಕೆಯನ್ನು ಹಿಡಿದರು.

ವಿಷಯ ಕಿವಿಗೆ ಬಿದ್ದದ್ದೇ ಓಪ್ರಾ ಶಿಕಾಗೋದಿಂದ ಹಾರಿ ಬಂದರು, ಆ ತಿಂಗಳಲ್ಲೇ ಎರಡು ಸಲ. ಹೆತ್ತವರನ್ನು ಸೇರಿಸಿ ನಿಮ್ಮ ನಂಬಿಕೆ ಉಳಿಸಿಕೊಳ್ಳಲಿಲ್ಲ, ಕ್ಷಮಿಸಿ ಎಂದು ಕೇಳಿಕೊಂಡರು. ಹುಡುಗಿಯರ ಜೊತೆ ಕೂತು ಮಾತಾಡಿ ತನ್ನ ಸ್ವಂತ ಫೋನ್ ನಂಬರ್ ಕೊಟ್ಟರು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದವರನ್ನೆಲ್ಲ ತೆಗೆದರು. ಶಾಲೆಯ ಮುಖ್ಯಸ್ಥೆಯನ್ನು ಮುಂದುವರಿಸಲಿಲ್ಲ. ತನಿಖೆಗೆ ಶಿಕಾಗೋದಿಂದ ಅನುಭವಿ ಪತ್ತೇದಾರರನ್ನು ಕರೆಸಿದರು. ನವೆಂಬರ್ 5ರಂದು ಶಿಕಾಗೋದಿಂದಲೇ ಉಪಗ್ರಹದ ಮೂಲಕ ದಕ್ಷಿಣ ಆಫ್ರಿಕಾದ ಪತ್ರಕರ್ತರ ಮುಂದೆ ಕೂತರು. ಸುದ್ದಿ ತಿಳಿದಾಗ ಕೋಣೆಯಿಂದ ಕೋಣೆಗೆ ಅಳುತ್ತಾ ಓಡಾಡಿದೆ ಅಂದರು. ಕೆಲಸಕ್ಕೆ ತೆಗೆದುಕೊಂಡವರ ಹಿನ್ನೆಲೆ ನೋಡಿದ್ದು ಸಾಲದಾಗಿತ್ತು ಎಂದು ಒಪ್ಪಿಕೊಂಡರು. ನಾನು ಬಂದಾಗ ನಗುಮುಖ ತೋರಿಸಬೇಕು, ನನ್ನ ಹತ್ತಿರ ದೂರು ಹೇಳಬಾರದು ಎಂದು ಹುಡುಗಿಯರಿಗೆ ಹೇಳಿಕೊಡಲಾಗಿತ್ತು ಅಂತಲೂ ಹೇಳಿದರು.

ಹಿನ್ನೆಲೆ ನೋಡಬೇಕು ಎಂದು ಅಮೆರಿಕದಲ್ಲಿ ಕಾನೂನನ್ನೇ ತರಿಸಿದವರು ಅವರು. ತನ್ನ ಶಾಲೆಯಲ್ಲೇ ಅದು ಸಡಿಲವಾಗಿತ್ತು ಅನ್ನಬೇಕಾಗಿ ಬಂದಾಗ ಆ ಹೆಂಗಸಿನ ಹೊಟ್ಟೆಯಲ್ಲಿ ಎಷ್ಟು ಸಂಕಟ ಆಗಿರಬೇಡ!

ನನ್ನ ಪ್ರಕಾರ ಎಲ್ಲಿ ತಪ್ಪಿತು

ಕೆಟ್ಟ ಮನುಷ್ಯರು ಒಳಗೆ ಬಂದುಬಿಟ್ಟರು ಅನ್ನುವುದು ಅರ್ಧ ಉತ್ತರ. ಅಂಥವರು ಎಲ್ಲಾ ಕಡೆ ಬರುತ್ತಾರೆ. ಮಕ್ಕಳಿಗೆ ಅದನ್ನು ಹೇಳಲು ದಾರಿ ಇತ್ತಾ ಅನ್ನುವುದೇ ಪ್ರಶ್ನೆ.

ಆ ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಜಾಗದಲ್ಲಿ ನಿಂತು ನೋಡೋಣ. ಮೂರೂವರೆ ಸಾವಿರ ಜನರಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಊರಿಗೆ ಊರೇ ಸಂಭ್ರಮಪಟ್ಟಿದೆ. ಅಮ್ಮ ಜನ್ಮದಲ್ಲಿ ನೋಡದ ಹಾಸಿಗೆ ಮೇಲೆ ಅವಳು ಮಲಗುತ್ತಿದ್ದಾಳೆ. ಇದನ್ನೆಲ್ಲ ಕೊಟ್ಟವರು ಬಂದು ತಬ್ಬಿಕೊಂಡು, ಚೆನ್ನಾಗಿದ್ದೀಯಾ ಎಂದು ಕೇಳುತ್ತಾರೆ. ಅವಳು ಏನು ಹೇಳಬೇಕು? ಇಲ್ಲ ಅಂದರೆ ಸೀಟು ಹೋಗಬಹುದು. ಇಲ್ಲ ಅಂದರೆ ಇಷ್ಟು ಒಳ್ಳೆಯವರ ಮನಸ್ಸು ನೋಯುತ್ತದೆ. ಈ ಎರಡನೆಯ ಹೆದರಿಕೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಋಣದ ಭಾರ ಅದನ್ನು ತಾನೇ ಹುಟ್ಟಿಸುತ್ತದೆ. ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಉಪಕಾರ ಮರೆಯಬೇಡ ಅಂತ ಹೇಳಿಕೊಡುತ್ತೇವೆ. ಉಪಕಾರ ಮಾಡಿದವರ ಮುಂದೆ ತೊಂದರೆ ಹೇಳಿಕೊಂಡರೆ ಅದು ಉಪಕಾರ ಮರೆತ ಹಾಗಲ್ಲ ಅಂತ ಎಷ್ಟು ಜನ ಹೇಳಿಕೊಡುತ್ತೇವೆ?

ಇನ್ನು ಕೆಲಸದವರ ಕಡೆಯಿಂದ. ಅವರಿಗೂ ದಾನಿಯ ಭೇಟಿ ಅಂದರೆ ಪರೀಕ್ಷೆ. ದಾನಿ ದೊಡ್ಡವರಾದಷ್ಟೂ ತೋರಿಕೆ ಜಾಸ್ತಿ. ಮೇಟ್ರನ್ ಹೇಳಿದ್ದನ್ನು ಮುಖ್ಯಸ್ಥೆ ಕೇಳುತ್ತಾರೆ, ಮುಖ್ಯಸ್ಥೆ ಹೇಳಿದ್ದನ್ನು ಶಿಕಾಗೋದವರು ಕೇಳುತ್ತಾರೆ. ಸುದ್ದಿ ಬರುವ ಕೊಳವೆ ಒಂದೇ, ಅದನ್ನು ಮೊದಲ ತಿರುವಿನಲ್ಲೇ ಯಾರಾದರೂ ಮುಚ್ಚಿದರೆ ಮುಗಿಯಿತು. ಹೊರಗಿನಿಂದ ಬರಬಹುದಾಗಿದ್ದ ಇನ್ನೊಂದೇ ದಾರಿ ತಾಯಿ ತಂದೆಯರದ್ದು, ಅದರ ಮೇಲೂ ಬಿಗಿ ನಿಯಮ. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಓದು ಕೆಡದಿರಲಿ, ಶಿಸ್ತು ಇರಲಿ ಅಂತ. ಆದರೆ ಮಗುವಿನ ದನಿ ಕೇಳಿದ ಕೂಡಲೇ ಏನೋ ಸರಿಯಿಲ್ಲ ಎಂದು ಹಿಡಿಯುವುದು ತಾಯಿ, ಬೇರೆಯವರಿಗೆ ಅದು ಸಾಧ್ಯವಿಲ್ಲ. ಮಾರ್ಚಿನಲ್ಲಿ ಅವರು ಗೊಣಗಿದ್ದನ್ನು ಯಾರಾದರೂ ಕೂತು ಕೇಳಬೇಕಿತ್ತು.

ಓಪ್ರಾ ತನ್ನ ನಂಬರ್ ಕೊಟ್ಟದ್ದು ಆ ಹೊತ್ತಿಗೆ ಸರಿ, ಮನಸ್ಸಿನಿಂದ ಬಂದದ್ದು. ಆದರೆ ಅದು ವ್ಯವಸ್ಥೆ ಆಗುವುದಿಲ್ಲ. ಹೆನ್ಲಿಯಲ್ಲಿ ರಾತ್ರಿ ಹತ್ತು ಗಂಟೆಗೆ ಒಬ್ಬ ಹುಡುಗಿ ಅಳುತ್ತಿದ್ದರೆ ಶಿಕಾಗೋದಲ್ಲಿ ಮಧ್ಯಾಹ್ನ ಎರಡೋ ಮೂರೋ ಗಂಟೆ, ಶೂಟಿಂಗು, ಮೀಟಿಂಗು. ಹತ್ತಿರದಲ್ಲೇ ಇರುವ, ಹಾಸ್ಟೆಲಿನಿಂದ ಪಗಾರ ತೆಗೆದುಕೊಳ್ಳದ, ಮಗುವಿಗೆ ಪರಿಚಯ ಇರುವ ಒಬ್ಬ ದೊಡ್ಡವರು ಬೇಕು.

ಆಮೇಲೆ

ಮುಂದಿನದು ಸುಲಭವಾಗಿ ಆಗಲಿಲ್ಲ. ಓಪ್ರಾ ಪತ್ರಕರ್ತರ ಮುಂದೆ ಆಡಿದ ಮಾತಿನಿಂದ ಮಾನ ಹೋಯಿತು ಎಂದು ಹಳೆಯ ಮುಖ್ಯಸ್ಥೆ ಅಮೆರಿಕದಲ್ಲಿ ಮೊಕದ್ದಮೆ ಹಾಕಿದರು. 2010ರ ಮಾರ್ಚಿನಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಮೇಟ್ರನ್ ಮೊದಲಿನಿಂದಲೂ ಆರೋಪ ಸುಳ್ಳು ಎನ್ನುತ್ತಿದ್ದಳು, 2010ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಾಲಯ ಆಕೆಯನ್ನು ಎಲ್ಲಾ ಆರೋಪಗಳಿಂದ ಬಿಡುಗಡೆ ಮಾಡಿತು. ಕೋರ್ಟ್ ಹಾಗೆ ಹೇಳಿದ ಮೇಲೆ ಆಕೆಯನ್ನು ಅಪರಾಧಿ ಅನ್ನಲು ನನಗೆ ಹಕ್ಕಿಲ್ಲ. ತೀರ್ಪಿನಿಂದ ಬೇಸರವಾಯಿತು ಎಂದ ಓಪ್ರಾ, ಸಾಕ್ಷಿ ಹೇಳಿದ ಹುಡುಗಿಯರ ಬಗ್ಗೆ ಹೆಮ್ಮೆಯಿದೆ ಅಂದರು. ಕೋರ್ಟಿನಲ್ಲಿ ನಿಂತು, ಆದದ್ದನ್ನು ಹೇಳುವುದು ಅಷ್ಟು ಚಿಕ್ಕ ಹುಡುಗಿಗೆ ಎಷ್ಟು ಕಷ್ಟ ಅಂತ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಅದಾದ ಮರು ತಿಂಗಳು, 2010ರ ನವೆಂಬರಿನಲ್ಲಿ, ಓಪ್ರಾ ತನ್ನ ಶೋನಲ್ಲಿ 200 ಗಂಡಸರನ್ನು ಸೇರಿಸಿದರು. ಎಲ್ಲರೂ ಚಿಕ್ಕಂದಿನಲ್ಲಿ ದೌರ್ಜನ್ಯಕ್ಕೆ ಒಳಗಾದವರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋಟೋ, ಅದು ಆದ ವಯಸ್ಸಿನಲ್ಲಿ ತಾನು ಹೇಗಿದ್ದೆ ಅನ್ನುವ ಫೋಟೋ. ಬೆಳೆದ ಗಡ್ಡದ ಗಂಡಸಿನ ಕೈಯಲ್ಲಿ ನಗುವ ಪುಟ್ಟ ಹುಡುಗ. ಆ ದೃಶ್ಯ ನೋಡಿದ ಮೇಲೆ ಮಕ್ಕಳ ನಗುವಿನ ಫೋಟೋ ನೋಡುವ ನನ್ನ ಕಣ್ಣೇ ಬದಲಾಗಿದೆ.

ಶಾಲೆಗೆ 2009ರಲ್ಲಿ, 2011ರಲ್ಲಿ ಮತ್ತೆ ಬೇರೆ ಕೆಟ್ಟ ಸುದ್ದಿಗಳು ಬಂದವು. ಮುಚ್ಚಿ ಕೈತೊಳೆದುಕೊಳ್ಳಲು ಓಪ್ರಾಗೆ ಸಾಕಷ್ಟು ಕಾರಣ ಇತ್ತು, ಯಾರೂ ಬೈಯುತ್ತಿರಲಿಲ್ಲ. ಅವರು ಮುಚ್ಚಲಿಲ್ಲ. ಹೋಗಿ ಬರುವುದನ್ನು ಬಿಡಲಿಲ್ಲ. 2012ರ ಜನವರಿಯಲ್ಲಿ ಮೊದಲ ತಂಡದ 72 ಹುಡುಗಿಯರು ಹನ್ನೆರಡನೇ ಕ್ಲಾಸ್ ಪಾಸಾಗಿ ಹೊರಗೆ ಬಂದರು, ಮುಂದೆ ಕಾಲೇಜಿಗೆ ಹೋದರು. 152ರಲ್ಲಿ 72 ಅಷ್ಟೇನಾ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಆ 152 ಎರಡು ಕ್ಲಾಸಿನವರು ಸೇರಿ, ಇದು ಅದರಲ್ಲಿ ಮೊದಲ ಕ್ಲಾಸು.

ಅದೇ ಜನವರಿಯಲ್ಲಿ ಓಪ್ರಾ ನಮ್ಮ ಮುಂಬೈಗೂ ಬಂದರು. ಬಚ್ಚನ್ ಅವರ ಮನೆಗೆ ಹೋದದ್ದು ಎಲ್ಲರಿಗೂ ನೆನಪಿದೆ. ಒಂದು ಝೋಪಡಪಟ್ಟಿಯ ಒಂದೇ ಖೋಲಿಯ ಮನೆಗೂ ಹೋಗಿದ್ದರು, ಅಲ್ಲಿಂದ ಜೈಪುರದ ಸಾಹಿತ್ಯ ಉತ್ಸವಕ್ಕೆ ಹೋದರು. ನೀವು ಇನ್ನೂ ಕೈಯಲ್ಲೇ ಊಟ ಮಾಡುತ್ತೀರಂತೆ ಅನ್ನುವ ಅರ್ಥದ ಮಾತು ಆಡಿದ್ದಕ್ಕೆ ಇಲ್ಲಿ ಬಹಳ ಜನಕ್ಕೆ ಸಿಟ್ಟು ಬಂತು, ನನಗೂ ಬಂದಿತ್ತು. ಗೊತ್ತಿಲ್ಲದ ಕಡೆ ಹೋದವರ ಬಾಯಿ ತಪ್ಪುತ್ತದೆ. ನಾವು ಯಾದಗಿರಿಯ ಹುಡುಗಿಯರನ್ನು ಮಾತಾಡಿಸುವಾಗಲೂ ಎಷ್ಟೋ ಸಲ ತಪ್ಪಿದ್ದೇವೆ. ಅವರ ಊಟದ ಬಗ್ಗೆ, ಮಾತಿನ ಧಾಟಿಯ ಬಗ್ಗೆ ಆಡಿದ್ದು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ನಮ್ಮ ಬಿಸಿನೀರು

ಈಗ ನಮ್ಮ ವಿಷಯ. ಅಲ್ಲಿ ಆದದ್ದಕ್ಕೂ ನಮ್ಮ ಬಿಸಿನೀರಿಗೂ ಹೋಲಿಕೆ ಇಲ್ಲ, ಅದು ನನಗೆ ಗೊತ್ತು. ಆದರೆ ಬಿಸಿನೀರಿನ ಮಾತು ನನ್ನ ಹತ್ತಿರ ಬರಲು ಒಬ್ಬ ಹುಡುಗಿ ವಾರ್ಡನ್ನಿಗೆ ತಿಳಿಯದ ಭಾಷೆಯಲ್ಲಿ, ನಗುತ್ತಾ, ಅರ್ಧ ನಿಮಿಷದಲ್ಲಿ ಹೇಳಬೇಕಾಯಿತು. ಅದಕ್ಕಿಂತ ದೊಡ್ಡ ಮಾತಾಗಿದ್ದರೆ ಆ ಅರ್ಧ ನಿಮಿಷ ಸಾಲುತ್ತಿತ್ತಾ?

ಸಭೆಯಲ್ಲಿ ಹೇಳಿದಾಗ ನಮ್ಮ ಹಿರಿಯರೊಬ್ಬರು, ಎಲ್ಲರೂ ದೊಡ್ಡಕ್ಕ ಅನ್ನುತ್ತೇವೆ, ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು, “ಬಿಸಿನೀರಿಗೆ ಇಷ್ಟು ದೊಡ್ಡ ರಾಮಾಯಣ ಯಾಕಮ್ಮಾ, ನಾವೆಲ್ಲ ತಣ್ಣೀರು ಸುರಿದುಕೊಂಡೇ ಬೆಳೆದವರಲ್ವಾ?” ಅಂದರು. ನಾನು ಓಪ್ರಾ ಶಾಲೆಯ ಕಥೆ ಪೂರ್ತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬುಧವಾರ ಹೋಗೋಣ. ಹೇಳದೇ ಹೋಗೋಣ” ಅಂದರು.

ಹೋದೆವು. ಗೀಜರಿನ ಸ್ವಿಚ್ಚಿಗೆ ಟೇಪ್ ಸುತ್ತಿತ್ತು. ರಾತ್ರಿಯ ಬೇಳೆ ನೀರುನೀರು. ಭಾನುವಾರ ಮನೆಗೆ ಫೋನ್ ಮಾಡಲು ಬಿಡುತ್ತಾರೆ, ಆದರೆ ವಾರ್ಡನ್ ಪಕ್ಕದಲ್ಲೇ ಕೂತಿರುತ್ತಾರೆ, ಸ್ಪೀಕರ್ ಹಾಕಿ. ಕಾರಿಡಾರಿನಲ್ಲಿ 1098ರ ದೊಡ್ಡ ಪೋಸ್ಟರ್ ಅಂಟಿಸಿದ್ದರು. ಮಕ್ಕಳ ಸಹಾಯವಾಣಿಯ ಈ ನಂಬರ್ ಶುರುವಾದದ್ದೇ ನಮ್ಮ ಮುಂಬೈಯಲ್ಲಿ, 1996ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ. ಪುಕ್ಕಟೆ ಕರೆ, ಯಾವ ಹೊತ್ತಿಗಾದರೂ ಮಾಡಬಹುದು. ಪೋಸ್ಟರ್ ಗೋಡೆಯ ಮೇಲಿತ್ತು. ಫೋನು ವಾರ್ಡನ್ ಕೋಣೆಯಲ್ಲಿತ್ತು, ಬೀಗದೊಳಗೆ.

ಹಾಸ್ಟೆಲಿನ ಟ್ರಸ್ಟಿಗಳ ಜೊತೆ ಮಾತಾಡಲು ಎರಡು ತಿಂಗಳು ಹಿಡಿಯಿತು. ಮೊದಲು ಅವರಿಗೆ ಸಿಟ್ಟು ಬಂತು, ನೀವು ಹನ್ನೊಂದು ಮಕ್ಕಳ ದುಡ್ಡು ಕೊಟ್ಟು ನಮ್ಮನ್ನು ತನಿಖೆ ಮಾಡಲು ಬಂದಿರಾ ಅಂದರು. ನಾವು ಜಗಳಕ್ಕೆ ಹೋಗಲಿಲ್ಲ, ಬಿಟ್ಟೂ ಬಿಡಲಿಲ್ಲ. 2012ರ ಪೋಕ್ಸೋ ಕಾನೂನಿನ ಪ್ರತಿ ತೆಗೆದುಕೊಂಡು ಹೋಗಿದ್ದೆವು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಇದ್ದರೆ ಅದೇ ಅಪರಾಧ. ಈ ಜವಾಬ್ದಾರಿ ದಾನಿಗೂ ಇದೆ, ಟ್ರಸ್ಟಿಗೂ ಇದೆ, ಅಡುಗೆಯವರಿಗೂ ಇದೆ ಎಂದು ದೊಡ್ಡಕ್ಕ ಮರಾಠಿಯಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು. ಇಂಥದ್ದು ಇಲ್ಲಿ ಆಗಿದೆ ಎಂದು ನಾವು ಹೇಳುತ್ತಿಲ್ಲ, ಆದರೆ ನಮಗೆ ತಿಳಿಯುವ ದಾರಿಯೇ ಇಲ್ಲ ಎಂದು ಹೇಳುತ್ತಿದ್ದೇವೆ ಅಂದರು. ಆ ಮಾತು ಅವರಿಗೆ ತಟ್ಟಿತು.

ಈಗ ಫೋನು ಕಾರಿಡಾರಿನಲ್ಲಿದೆ. ಸ್ಪೀಕರ್ ಹಾಕುವುದಿಲ್ಲ. ಸೈಟಿನಲ್ಲಿ ಕೆಲಸ ಮಾಡುವ ತಾಯಂದಿರು ಭಾನುವಾರ ಯಾವಾಗ ಬಂದರೂ ಒಳಗೆ ಬಿಡುತ್ತಾರೆ, ನಮ್ಮ ಹಟ ಜಾಸ್ತಿ ಇದ್ದದ್ದು ಇದೊಂದಕ್ಕೇ. ಸ್ವಾಗತ ಗೀತೆ, ಕಾಲು ಮುಟ್ಟುವುದು, ಫೋಟೋ ಎಲ್ಲಾ ನಿಲ್ಲಿಸಿದ್ದೇವೆ. ನಮ್ಮ ವಾರ್ಷಿಕ ವರದಿಯಲ್ಲಿ ಹುಡುಗಿಯರ ಫೋಟೋ ಇಲ್ಲದ್ದಕ್ಕೆ ಇಬ್ಬರು ದಾನಿಗಳು ಈ ವರ್ಷ ದುಡ್ಡು ಕೊಡಲಿಲ್ಲ. ಆ ಕೊರತೆ ತುಂಬಿಸಲು ಕಷ್ಟಪಡುತ್ತಿದ್ದೇವೆ, ತುಂಬಿಸುತ್ತೇವೆ.

ದೊಡ್ಡಕ್ಕ ತಿಂಗಳಿಗೆ ಎರಡು ಸಲ ಹೋಗುತ್ತಾರೆ, ಯಾವ ದಿನ ಅಂತ ನಮಗೂ ಹೇಳುವುದಿಲ್ಲ. ಹೋಗಿ ಪ್ರಶ್ನೆ ಕೇಳುವುದಿಲ್ಲ. ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರ ತಲೆ ಬಾಚಿ ಜಡೆ ಹಾಕುತ್ತಾರೆ. ಹಾಗೆ ಕೂತಾಗ ಹುಡುಗಿ ಮುಖ ಆ ಕಡೆ ಇರುತ್ತದೆ, ನಗಬೇಕಾಗಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಗಿಲ್ಲ. ಸಿಕ್ಕು ಬಿಡಿಸುವಷ್ಟು ಹೊತ್ತು ಸಮಯ ಇರುತ್ತದೆ. ಮಾತು ತಾನೇ ಬರುತ್ತದೆ ಅನ್ನುತ್ತಾರೆ. ಬಂದ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಾರೆ, ಹೆಸರು ಬರೆಯದೆ.

ಕಳೆದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಬಿಸಿನೀರಿನ ಹುಡುಗಿ ಈಗ ಹತ್ತನೇ ಕ್ಲಾಸು. ದೊಡ್ಡಕ್ಕನ ಮುಂದೆ ಬೆನ್ನು ಮಾಡಿ ಕೂತಿದ್ದಳು, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು. ನನ್ನನ್ನು ನೋಡಿ ರಿಬ್ಬನ್ ತೆಗೆದಳು. “ಆಂಟಿ, ನೀವ್ ಕೊಟ್ಟ ಬ್ಯಾಗಿನ ಜಿಪ್ ಒಂದ ತಿಂಗಳಿಗೆ ಹೋತ್ರಿ. ನಂದಷ್ಟ ಅಲ್ಲ, ಎಲ್ಲಾರ್ದೂ.” ಈ ಸಲ ನಗಲಿಲ್ಲ, ಮುಖ ಗಂಟು ಹಾಕಿಕೊಂಡಿದ್ದಳು.

ಹನ್ನೊಂದು ಬ್ಯಾಗನ್ನೂ ಎರಡು ದೊಡ್ಡ ಚೀಲದಲ್ಲಿ ತುಂಬಿಕೊಂಡು ಬಂದೆವು. ಮರುದಿನ ದಾದರಿನ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಸುರಿದೆ.